ಪೊಟ್ಟಣದ ಶಿಲೀಂಧ್ರವೂ ಹೊಲದ ಶಿಲೀಂಧ್ರವೂ

ಅರಸೀಕೆರೆ ತಾಲ್ಲೂಕಿನ ಓದುಗರೊಬ್ಬರ ಪತ್ರ: “ಬಿತ್ತನೆಯ ದಿನ ಡಿಎಪಿಯ ಜೊತೆಗೆ ಅಂಗಡಿಯವರು ಕೊಟ್ಟ ಮೈಕೊರೈಜಾ ಪುಡಿಯನ್ನೂ ರಾಗಿಗೆ ಹಾಕಿದೆ. ಪುಡಿ ಹಾಕದ ಪಕ್ಕದ ಹೊಲಕ್ಕೂ ನನ್ನ ಹೊಲಕ್ಕೂ ಎಳ್ಳಷ್ಟೂ ವ್ಯತ್ಯಾಸ ಕಾಣಲಿಲ್ಲ. ನೀವಾದರೋ ಕಳೆದ ಸಂಚಿಕೆಯಲ್ಲಿ ಈ ಶಿಲೀಂಧ್ರಗಳ ಪ್ರಭೇದ, ವಂಶವಾಹಿ ಎಂದು ಪುಟಗಟ್ಟಲೆ ಬರೆಸಿದ್ದೀರಿ. ಹೆಸರು ಯಾವುದಾದರೆ ರೈತನಿಗೇನು? ಪುಡಿ ಕೆಲಸ ಮಾಡುತ್ತದೆಯೋ ಇಲ್ಲವೋ, ಅಷ್ಟು ಹೇಳಿ.”

ಸಂಪಾದಕರ ಉತ್ತರ:

ಪತ್ರ ಖಾರವಾಗಿದೆ, ಪ್ರಶ್ನೆ ನ್ಯಾಯವಾಗಿದೆ. ಮೈಕೊರೈಜಾ ಎಂದರೆ ಬೇರಿನಲ್ಲಿ ನೆಲೆಸಿ, ಗಿಡದಿಂದ ಆಹಾರ ಪಡೆದು, ಅದಕ್ಕೆ ಮಣ್ಣಿನ ರಂಜಕವನ್ನು ತಂದುಕೊಡುವ ಶಿಲೀಂಧ್ರ. ಪುಡಿಯ ಪರವಾಗಿ ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಡಾ. ಡಿ. ಜೆ. ಭಾಗ್ಯರಾಜ್ ಮತ್ತು ಅವರ ಸಹೋದ್ಯೋಗಿಗಳು ಹತ್ತಿ, ಅಲಸಂದೆ, ರಾಗಿಗಳ ಮೇಲೆ ಈ ಶಿಲೀಂಧ್ರವನ್ನು ಪ್ರಯೋಗಿಸಿ, ರಂಜಕದ ಕೊರತೆಯಿರುವ ಮಣ್ಣಿನಲ್ಲಿ ಪ್ರಯೋಜನವಿದೆಯೆಂದು 1980ರಷ್ಟು ಹಿಂದೆಯೇ ತೋರಿಸಿದ್ದರು. ಸಸಿಮಡಿಯಲ್ಲಿ, ಮೇಲ್ಮಣ್ಣು ಕಳೆದುಕೊಂಡ ಜಾಗದಲ್ಲಿ, ಹೊಸದಾಗಿ ತುಂಬಿದ ಕುಂಡದಲ್ಲಿ ಪುಡಿಗೆ ಅದರದೇ ಸ್ಥಾನವಿದೆ. ಪುಡಿಯವರ ಪಾಲಿಗೆ ಇಷ್ಟು ಸಾಕು.

ಆದರೆ ನೀವು ಅದನ್ನು ರಂಜಕದ ಗೊಬ್ಬರವಾದ ಡಿಎಪಿಯ ಜೊತೆ ಹಾಕಿದಿರಿ. ನಮ್ಮ ಕೆಂಪು ಮಣ್ಣಿನ ಕಬ್ಬಿಣವು ರಂಜಕವನ್ನು ಬಿಗಿಯಾಗಿ ಹಿಡಿದುಕೊಳ್ಳುವುದರಿಂದ ಅದು ಮಣ್ಣಿನಲ್ಲಿ ಅಷ್ಟಾಗಿ ಚಲಿಸುವುದಿಲ್ಲ. ಬೇರು ತನ್ನ ಸುತ್ತಲಿನ ಒಂದೆರಡು ಮಿಲಿಮೀಟರಿನಲ್ಲಿರುವುದನ್ನು ಹೀರಿ ಮುಗಿಸಿದ ಮೇಲೆ, ಅದರಾಚೆಗೆ ಸೆಂಟಿಮೀಟರುಗಟ್ಟಲೆ ಚಾಚಿ ತರುವುದು ಶಿಲೀಂಧ್ರದ ಎಳೆಗಳು. ರಂಜಕಕ್ಕೆ ಹಸಿದ ಗಿಡ ಬೇರಿನಿಂದ ಸ್ಟ್ರೈಗೋಲ್ಯಾಕ್ಟೋನ್ ಎಂಬ ವಸ್ತುವನ್ನು ಸ್ರವಿಸುತ್ತದೆ. ಶಿಲೀಂಧ್ರದ ಎಳೆ ಬೇರಿನ ಬಳಿ ಕವಲೊಡೆಯುವುದು ಇದರಿಂದಲೇ ಎಂಬುದನ್ನು ಜಪಾನಿನ ವಿಜ್ಞಾನಿಗಳು 2005ರಲ್ಲಿ ಪತ್ತೆಮಾಡಿದರು. (ಜೋಳದ ಬೇರಿಗಂಟುವ ಸ್ಟ್ರೈಗಾ ಕಳೆಯ ಬೀಜವನ್ನು ಎಬ್ಬಿಸುವುದೂ ಇದೇ ಗುಂಪಿನ ವಸ್ತು.) ರಂಜಕ ಕೈಗೆಟುಕುವಂತಿದ್ದರೆ ಗಿಡ ಈ ಸ್ರಾವವನ್ನು ತಗ್ಗಿಸುತ್ತದೆ. ನೀವು ಮಾಡಿದ್ದು ನೆಂಟರನ್ನು ಕರೆದು ಬಾಗಿಲಿಗೆ ಅಗುಳಿ ಹಾಕಿದಂತಾಯಿತು. ಅಂಗಡಿಯವರು ಎರಡನ್ನೂ ಒಟ್ಟಿಗೇ ಮಾರಿದ್ದಾರೆಂದರೆ ತಪ್ಪು ನಿಮ್ಮೊಬ್ಬರದಲ್ಲ.

ಇನ್ನು ಹೆಸರಿನ ಮಾತು. ಇಲ್ಲಿ ನಾನು ನಿಮ್ಮೊಡನೆ ಸ್ವಲ್ಪ ಜಗಳವಾಡಬೇಕಾಗಿದೆ. ಅದೇ ಅಂಗಡಿಯ ಅದೇ ಕಪಾಟಿನಲ್ಲಿ ಬೆಳೆಯ ರೋಗ ತಡೆಯಲು ಬಳಸುವ ಟ್ರೈಕೋಡರ್ಮಾ ಇರುತ್ತದೆ, ಮೈಕೊರೈಜಾ ಇರುತ್ತದೆ, ಎರಡಕ್ಕೂ ‘ಶಿಲೀಂಧ್ರ’ ಎಂಬ ಒಂದೇ ಚೀಟಿ. ಟ್ರೈಕೋಡರ್ಮಾವನ್ನು ಕೊಟ್ಟಿಗೆ ಗೊಬ್ಬರದಲ್ಲಿಯೇ ಹೆಚ್ಚಿಸಿಕೊಳ್ಳಬಹುದು. ಮೈಕೊರೈಜಾದ ಆಟ ಹಾಗಲ್ಲ. ರೈಜೋಫ್ಯಾಗಸ್ ಇರ್ರೆಗ್ಯುಲಾರಿಸ್ ಎಂಬ ಮೈಕೊರೈಜಾ ಪ್ರಭೇದದ ಜೀನೋಮನ್ನು, ಅಂದರೆ ಅದರ ವಂಶವಾಹಿಗಳ ಇಡೀ ಕಂತೆಯನ್ನು, 2013ರಲ್ಲಿ ಓದಿದಾಗ, ಕೊಬ್ಬಿನಾಮ್ಲವನ್ನು ಮೊದಲಿನಿಂದ ಕಟ್ಟಿಕೊಳ್ಳುವ ಮುಖ್ಯ ಜೀನ್‌ಗಳೇ ಅದರಲ್ಲಿ ಸಿಗಲಿಲ್ಲ. ಆ ಕೊಬ್ಬನ್ನು ಗಿಡವೇ ಉಣಿಸುತ್ತದೆಂಬುದು 2017ರಲ್ಲಿ ಖಚಿತವಾಯಿತು. ಅಂದರೆ ಜೀವಂತ ಬೇರಿಲ್ಲದೆ ಇದರ ವಂಶ ಸುಲಭಕ್ಕೆ ಬೆಳೆಯದು. ಪುಡಿ ಏಕೆ ದುಬಾರಿ, ಪೊಟ್ಟಣದಿಂದ ಪೊಟ್ಟಣಕ್ಕೆ ಗುಣ ಏಕೆ ಬದಲಾಗುತ್ತದೆ ಎಂಬ ರೈತನ ಪ್ರಶ್ನೆಗೆ ಉತ್ತರವಿರುವುದು ನೀವು ಬೇಡವೆಂದ ಆ ವಂಶವಾಹಿಯ ಪುಟಗಳಲ್ಲಿಯೇ.

ಹೆಸರಿನ ಗೊಂದಲ ಅಂಗಡಿಯಲ್ಲಷ್ಟೇ ಇದೆಯೆಂದುಕೊಳ್ಳಬೇಡಿ. ಕೆನಡಾದ ಕ್ವಿಬೆಕ್ ಪ್ರಾಂತ್ಯದ ಮಣ್ಣಿನಿಂದ ಬಂದ ತಳಿಯೊಂದು ಲೋಕದ ಪ್ರಯೋಗಶಾಲೆಗಳಲ್ಲೆಲ್ಲ ಗ್ಲೋಮಸ್ ಇಂಟ್ರಾರೇಡಿಸಸ್ ಎಂದೇ ವರ್ಷಗಟ್ಟಲೆ ಓಡಾಡಿತು. ಅದು ಆ ಪ್ರಭೇದವೇ ಅಲ್ಲವೆಂದು 2009ರಲ್ಲಿ ಡಿಎನ್‌ಎ ಹೇಳಿತು. ಮೇಲೆ ಹೇಳಿದ ಇರ್ರೆಗ್ಯುಲಾರಿಸ್ ಅದೇ ತಳಿ.

ನಿಮ್ಮ ಹೊಲದಲ್ಲೇ ಏನಿದೆಯೆಂದು ನೋಡುವುದು ನನಗೆ ಇದಕ್ಕಿಂತ ಪ್ರಿಯವಾದ ವಿಷಯ. ಬೇರಿನ ಸುತ್ತಲ ಮಣ್ಣನ್ನು ಬಕೆಟ್ಟಿನಲ್ಲಿ ಕದಡಿ, ತಿಳಿಯನ್ನು ಒಂದಕ್ಕಿಂತ ಒಂದು ಸಣ್ಣ ಕಣ್ಣಿನ ಜರಡಿಗಳಲ್ಲಿ ಸೋಸಿ, ಕೊನೆಯ ಜರಡಿಯಲ್ಲಿ ಉಳಿದದ್ದನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ದುಂಡು ಬೀಜಕಗಳು, ಅಂದರೆ ಶಿಲೀಂಧ್ರದ ಬೀಜದಂಥ ಕಣಗಳು, ಕಾಣುತ್ತವೆ: ಕೆಲವು ಜೇನಿನ ಬಣ್ಣ, ಕೆಲವು ಕಡುಕಂದು, ಕೆಲವು ಹಾಲುಬಿಳುಪು. ಗಿಗಾಸ್ಪೋರಾ ಎಂಬ ಬಳಗದ ಬೀಜಕಕ್ಕೆ ಉಬ್ಬಿದ ತೊಟ್ಟಿರುತ್ತದೆ, ಅಕಾಲೋಸ್ಪೋರಾ ಎಂಬ ಇನ್ನೊಂದು ಬಳಗದ ಕೆಲವು ಪ್ರಭೇದಗಳ ಮೈಮೇಲೆ ಸಣ್ಣ ಕುಳಿಗಳಿರುತ್ತವೆ. ಬೇರನ್ನು ಕ್ಷಾರದಲ್ಲಿ ಬೇಯಿಸಿ ನೀಲಿ ಬಣ್ಣ ಕೊಟ್ಟರೆ ಜೀವಕೋಶದೊಳಗೆ ಅರ್ಬಸ್ಕ್ಯೂಲ್ ಕಾಣುತ್ತದೆ, ಅಂದರೆ ಪುಟ್ಟ ಮರದಂತೆ ಕವಲೊಡೆದ ಶಿಲೀಂಧ್ರದ ಎಳೆ. ಕೊಡುಕೊಳ್ಳುವಿಕೆ ನಡೆಯುವುದು ಅಲ್ಲಿ. ಬೀಜಕವನ್ನೇ ಬಿಡದೆ ಬೇರಿನಲ್ಲಿ ಅಡಗಿರುವ ಪ್ರಭೇದಗಳೂ ಇವೆ, ಅವು ಡಿಎನ್‌ಎ ಪರೀಕ್ಷೆಗೆ ಮಾತ್ರ ಸಿಗುತ್ತವೆ.

ಇವೆಲ್ಲ ಒಂದೇ ಕೆಲಸ ಮಾಡುವುದಿಲ್ಲ. ಗ್ಲೋಮಸ್ ಬಳಗದವು ತುಂಡಾದ ಎಳೆಯಿಂದಲೂ ಮತ್ತೆ ಚಿಗುರುತ್ತವೆ. ಗಿಗಾಸ್ಪೋರಾ ಬಳಗ ಹೆಚ್ಚಾಗಿ ಬೀಜಕವನ್ನೇ ನಂಬಿದೆ. ಆದ್ದರಿಂದ ಪದೇ ಪದೇ ರೋಟವೇಟರ್ ಹೊಡೆದ ಹೊಲದಲ್ಲಿ ಮೊದಲನೆಯವು ಉಳಿದು ಎರಡನೆಯವು ತೆಳುವಾಗುತ್ತವೆ. ಶಿಲೀಂಧ್ರದ ಪ್ರಭೇದಗಳು ಹೆಚ್ಚಿದಂತೆ ಗಿಡಗಳ ವೈವಿಧ್ಯವೂ ಇಳುವರಿಯೂ ಹೆಚ್ಚಿದವೆಂದು ತೋರಿಸಿದ ಪ್ರಯೋಗ 1998ರಲ್ಲೇ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಗಿದೆ. ಒಂದೇ ಪ್ರಭೇದದ ಪೊಟ್ಟಣ ಈ ಬಳಗಕ್ಕೆ ಸಮನಾಗುವುದೆಂದು ನಾನು ಒಪ್ಪಲಾರೆ.

ನಮ್ಮ ಹಿರಿಯರ ಅಕ್ಕಡಿ ಸಾಲನ್ನು ನೆನೆಯಿರಿ. ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ. ಇವುಗಳಲ್ಲಿ ಸಾಸಿವೆಯ ಕುಟುಂಬ ಮಾತ್ರ ಈ ಶಿಲೀಂಧ್ರದ ನಂಟನ್ನು ಕಡಿದುಕೊಂಡಿದೆ, ಅದಕ್ಕೆ ಬೇಕಾದ ಜೀನ್‌ಗಳನ್ನೂ ಕಳೆದುಕೊಂಡಿದೆ; ಉಳಿದವೆಲ್ಲ ಅದನ್ನು ಸಾಕುತ್ತವೆ. ರಾಗಿ ಕೊಯ್ಲಾದ ಮೇಲೂ ಅವರೆ, ತೊಗರಿ ನಿಂತಿರುವುದರಿಂದ ಜೀವಂತ ಬೇರು ತಪ್ಪುವುದಿಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ವಿಶ್ವವಿದ್ಯಾನಿಲಯದ ಸಂಶೋಧಕರು ರಾಗಿ ಮತ್ತು ತೊಗರಿಯನ್ನು ಒಟ್ಟಿಗೆ ಬೆಳೆಸಿ, ಆಳದ ನೀರನ್ನು ಮೇಲೆತ್ತುವ ತೊಗರಿಯಿಂದ ಬರದಲ್ಲಿ ರಾಗಿಗೆ ಶಿಲೀಂಧ್ರದ ಮೂಲಕ ನೆರವು ಸಿಗುವುದೇ ಎಂದು ಪರೀಕ್ಷಿಸಿ 2018ರಲ್ಲಿ ಬರೆದರು. ನಾವು ಮಾತ್ರ ಅಷ್ಟರಲ್ಲಿ ಅಕ್ಕಡಿಯನ್ನು ಬಿಟ್ಟು ಬರಿಯ ರಾಗಿಗೆ, ಬರಿಯ ಮೆಕ್ಕೆಜೋಳಕ್ಕೆ ಬಂದಿದ್ದೆವು.

ಕೇಂದ್ರ ಸರ್ಕಾರ 2015ರಲ್ಲಿ ಆರಂಭಿಸಿದ ಮಣ್ಣಿನ ಆರೋಗ್ಯ ಚೀಟಿಯನ್ನು ತೆಗೆದು ನೋಡಿ. ಅದರಲ್ಲಿ 12 ಅಂಶಗಳಿವೆ: ಸಾರಜನಕದಿಂದ ಬೋರಾನಿನವರೆಗೆ, ರಸಸಾರದಿಂದ ಸಾವಯವ ಇಂಗಾಲದವರೆಗೆ. ಮಣ್ಣಿನಲ್ಲಿ ಬದುಕಿರುವ ಒಂದೇ ಒಂದು ಜೀವಿಗೂ ಅಲ್ಲಿ ಕಲಂ ಇಲ್ಲ. ಆರೋಗ್ಯ ಎಂದು ಹೆಸರಿಟ್ಟು ಜೀವವನ್ನೇ ಬಿಡುವುದು ಯಾವ ಲೆಕ್ಕ? ಬೀಜಕ ನೋಡಿ ಪ್ರಭೇದ ಹೇಳಬಲ್ಲವರು ಈಗ ಬೆರಳೆಣಿಕೆಯಷ್ಟು. ಅಂಥವರು ನಿವೃತ್ತರಾದಾಗ ಆ ಜಾಗಕ್ಕೆ ಅದೇ ವಿದ್ಯೆಯವರು ಬರುವುದು ಅಪರೂಪ, ಏಕೆಂದರೆ ವರ್ಗೀಕರಣದ ನಿಧಾನದ ಕೆಲಸಕ್ಕೆ ಹಣ ಕೊಡಲು ಯಾರಿಗೂ ಉತ್ಸಾಹವಿಲ್ಲ. ಪುಡಿ ಮಾರುವುದಕ್ಕೆ ಇರುವಷ್ಟು ಜನ ಪುಡಿಯೊಳಗೆ ಏನಿದೆಯೆಂದು ನೋಡುವುದಕ್ಕೆ ಇಲ್ಲ.

ನೀವು ಮುಂದಿನ ಮುಂಗಾರಿಗೆ ಹೀಗೆ ಮಾಡಿ. ಬದುವಿನಲ್ಲಿ ಉಳುಮೆ ಕಾಣದ ಜಾಗದ ಹುಲ್ಲಿನ ಬೇರುಸಮೇತ ಮಣ್ಣನ್ನು ಒಂದು ಮಡಿಗೆ ಹಾಕಿ, ರಂಜಕದ ಗೊಬ್ಬರ ಕೊಡದೆ ಅದರಲ್ಲಿ ಜೋಳ ಬೆಳೆಸಿ, ಎರಡು ಮೂರು ತಿಂಗಳ ಮೇಲೆ ಮೇಲ್ಭಾಗವನ್ನು ಕೊಯ್ದು ಬೇರನ್ನು ಮಣ್ಣಿನೊಡನೆ ಕೊಚ್ಚಿಕೊಳ್ಳಿ. ಬೇರುರೋಗವಿರುವ ಜಾಗದ ಮಣ್ಣನ್ನು ಮಾತ್ರ ಮುಟ್ಟಬೇಡಿ. ಈ ಮಿಶ್ರಣವನ್ನು ಡಿಎಪಿ ಹಾಕದ ಕೆಲವು ಸಾಲುಗಳಿಗೆ ಕೊಡಿ, ಪಕ್ಕದಲ್ಲೇ ಡಿಎಪಿಯನ್ನೂ ಇದನ್ನೂ ಕೊಡದ ಕೆಲವು ಸಾಲುಗಳನ್ನು ಬಿಡಿ, ತೆನೆಗಳನ್ನು ಬೇರೆ ಬೇರೆಯಾಗಿ ತೂಗಿ ನಮಗೆ ಬರೆಯಿರಿ. ತೂಕ ನನ್ನ ವಾದಕ್ಕೆ ವಿರುದ್ಧವಾಗಿ ಬಂದರೂ ನಿಮ್ಮ ಪತ್ರವನ್ನು ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.

— ಸಂ.