304 ಸ್ಟೇನ್‌ಲೆಸ್ ಟ್ಯೂಬ್: ಒಳಗೆ ಆರ್ಗಾನ್ ಬಿಡದೆ ವೆಲ್ಡ್ ಮಾಡಬೇಡಿ

ನಿಮ್ಮ ಫೋಟೋ ನೋಡಿದೆ. 304 (ಒಂದು ಬಗೆಯ ಸ್ಟೇನ್‌ಲೆಸ್ ಸ್ಟೀಲ್) ಟ್ಯೂಬ್, 1.5 ಎಂಎಂ ದಪ್ಪ, ಟಿಗ್ (ಟಂಗ್‌ಸ್ಟನ್ ಆರ್ಕ್) ವೆಲ್ಡಿಂಗ್, ಒಳಗೆ ಆರ್ಗಾನ್ ಗ್ಯಾಸ್ ಇಲ್ಲ. ಬೀಡ್ (ವೆಲ್ಡ್ ಸಾಲು) ಪಕ್ಕ ಕಪ್ಪು-ನೀಲಿ, ಕೊನೆಯಲ್ಲಿ ಕೂದಲೆಳೆ ಬಿರುಕು. ಗ್ರೈಂಡ್ ಮಾಡಿ ಅದರ ಮೇಲೇ ಮತ್ತೊಂದು ರನ್ ಹೊಡೆಯುತ್ತೇನೆ ಅಂದಿದ್ದೀರಿ. ದಯವಿಟ್ಟು ಬೇಡ. ಎಷ್ಟೋ ಜನ ಇಲ್ಲೇ ಕೆಲಸ ಕೆಡಿಸಿಕೊಳ್ಳುತ್ತಾರೆ.

ಹೊರಗಿನ ಬೀಡ್ ನೋಡಿ ನಂಬಬೇಡಿ. ಸೋರುತ್ತಿದ್ದ ಬಿಸಿನೀರಿನ ಕಾಯಿಲ್ ಒಂದು ನಮ್ಮ ಹತ್ತಿರ ರಿಪೇರಿಗೆ ಬಂದಿತ್ತು. ಹೊರಗೆ ಅಚ್ಚುಕಟ್ಟಾದ ಬೀಡ್. ಉದ್ದಕ್ಕೆ ಸೀಳಿ ನೋಡಿದರೆ ರೂಟ್ (ವೆಲ್ಡಿನ ಒಳಬದಿ) ಗಾಳಿ ತಾಗಿ ಪೂರ್ತಿ ಕಪ್ಪು ಹರಳು, ಬೆರಳಿಗೆ ಚುಚ್ಚುವಷ್ಟು ಒರಟು. ಆ ಸಂದಿಗಳಲ್ಲಿ ನೀರು ನಿಂತು, ಕ್ಲೋರೈಡ್ ಸೇರಿಕೊಂಡು, ಸೂಜಿಮೊನೆಯಷ್ಟು ತೂತು ಬಿದ್ದಿತ್ತು. ಅಲ್ಲಿಂದ ಮರದ ಕೊಂಬೆ ಹಾಗೆ ಕವಲೊಡೆದ ಬಿರುಕು ಬೇರೆ. ಕ್ಲೋರೈಡ್, ಬಿಸಿ, ವೆಲ್ಡಿಂಗ್ ಬಿಟ್ಟುಹೋದ ಎಳೆತ, ಮೂರೂ ಒಟ್ಟಾದರೆ 304 ಹೀಗೇ ಬಿರಿಯುತ್ತದೆ. 60 ಡಿಗ್ರಿ ದಾಟಿದ ನೀರಿದ್ದರೆ ಇನ್ನೂ ಜಾಸ್ತಿ ಹುಷಾರಾಗಿರಬೇಕು.

ಅದಕ್ಕೇ ಪರ್ಜ್ ಮಾಡಿ, ಅಂದರೆ ಒಳಗಿನ ಗಾಳಿ ಹೊರಗೆ ತಳ್ಳಿ ಆರ್ಗಾನ್ ತುಂಬಿ. ಎರಡೂ ತುದಿಗೆ ಅಲ್ಯೂಮಿನಿಯಂ ಫಾಯಿಲ್, ಮೇಲೆ ಟೇಪ್. ಆರ್ಗಾನ್ ಗಾಳಿಗಿಂತ ಭಾರ, ಹಾಗಾಗಿ ಕೆಳಗಿನ ತುದಿಯಿಂದ ಬಿಡಿ, ಮೇಲಿನ ತುದಿಯಲ್ಲಿ ಸಣ್ಣ ತೂತು ಇರಲಿ. ಜಾಯಿಂಟ್ ಸುತ್ತಲೂ ಟೇಪ್ ಸುತ್ತಿ, ವೆಲ್ಡ್ ಮುಂದೆ ಹೋದ ಹಾಗೆ ಸ್ವಲ್ಪ ಸ್ವಲ್ಪವೇ ಬಿಚ್ಚಿ. ಟ್ಯೂಬಿನ ಒಳಜಾಗಕ್ಕಿಂತ ನಾಲ್ಕೈದು ಪಟ್ಟು ಗ್ಯಾಸ್ ಹೋದ ಮೇಲೆ ಫ್ಲೋ ಇಳಿಸಿ ಆರ್ಕ್ ಹೊಡೆಯಿರಿ. ಫ್ಲೋ ಇಳಿಸದಿದ್ದರೆ ಕೊನೆಯ ಇಂಚಿನಲ್ಲಿ ಒಳಗಿನ ಒತ್ತಡವೇ ಕರಗಿದ ಲೋಹವನ್ನು ಹೊರಗೆ ಊದಿಬಿಡುತ್ತದೆ. ಮುಗಿದ ಕೂಡಲೇ ಗ್ಯಾಸ್ ನಿಲ್ಲಿಸಬೇಡಿ, ಬಿಸಿ ಇಳಿಯಲಿ. ಮೊದಲು ಒಂದು ತುಂಡಿನಲ್ಲಿ ಮಾಡಿ, ಸೀಳಿ ನೋಡಿ. ಒಳಗೆ ಬೆಳ್ಳಗೆ ಅಥವಾ ತಿಳಿ ಹುಲ್ಲಿನ ಬಣ್ಣ ಇದ್ದರೆ ಸರಿ. ನೀಲಿ, ಬೂದಿ ಬಂದರೆ ಎಲ್ಲೋ ಗಾಳಿ ನುಗ್ಗಿದೆ.

ಆರ್ಗಾನ್ ಬದಲು ಸೋಲಾರ್ ಫ್ಲಕ್ಸ್ (ರೂಟಿಗೆ ಗಾಳಿ ತಾಗದಂತೆ ಬಳಿಯುವ ಪೇಸ್ಟ್) ಬಳಿದರೆ ಸಾಕು ಅಂತ ಒಬ್ಬರು ಬರೆದಿದ್ದಾರೆ. ಒಳ್ಳೆಯ ಮಾಲೇ. ಆದರೆ ಒಳಗೆ ಗಾಜಿನಂಥ ಪದರ ಉಳಿಯುತ್ತದೆ, ಕೈ ಹೋಗದ ಟ್ಯೂಬಿನಲ್ಲಿ ಅದನ್ನು ತೆಗೆಯುವುದು ಹೇಗೆ? ಬ್ರ್ಯಾಕೆಟ್‌ಗೆ ಸರಿ, ನೀರಿನ ಲೈನಿಗೆ ನಾನಂತೂ ಬಳಸುವುದಿಲ್ಲ.

ಇನ್ನು ಮತ್ತೆ ರನ್ ಯಾಕೆ ಬೇಡ? 425ರಿಂದ 870 ಡಿಗ್ರಿ ಸೆಲ್ಸಿಯಸ್ ನಡುವೆ ಹೆಚ್ಚು ಹೊತ್ತು ಇದ್ದರೆ ಕ್ರೋಮಿಯಂ, ಕಾರ್ಬನ್ ಜೊತೆ ಸೇರಿ ಗ್ರೇನ್ (ಲೋಹದೊಳಗಿನ ಸಣ್ಣ ಹರಳು) ಅಂಚಿನಲ್ಲಿ ಕೂರುತ್ತದೆ. ಆ ಅಂಚಿನ ಪಕ್ಕ ಕ್ರೋಮಿಯಂ ಕಡಿಮೆಯಾಗಿ ತುಕ್ಕು ಹಿಡಿಯುತ್ತದೆ. ತೆಳು ಟ್ಯೂಬಿನಲ್ಲಿ ಒಂದೇ ಬೇಗನೆಯ ರನ್ನಿಗೆ ಇದು ಆಗುವುದು ಅಪರೂಪ. ಅದೇ ಜಾಗ ಎರಡು ಮೂರು ಸಲ ಕಾಯಿಸಿದಿರೋ, ಬಿಸಿಯ ಹೊತ್ತು ಕೂಡುತ್ತಾ ಹೋಗುತ್ತದೆ. 304ರಲ್ಲಿ ಕಾರ್ಬನ್ 0.08 ಶೇಕಡಾವರೆಗೂ ಇರಬಹುದು, 304ಎಲ್‌ನಲ್ಲಿ 0.03ರ ಒಳಗೇ. ಕೊಳ್ಳುವಾಗಲೇ ಎಲ್ ಕೇಳಿ, ಅಲ್ವಾ? ನಿಮ್ಮ ಜಾಯಿಂಟ್ ಕತ್ತರಿಸಿ, ಹೊಸ ತುಂಡು ಹಾಕಿ.

ಬಿಸಿ ವೆಲ್ಡ್ ಮೇಲೆ ನೀರು ಹಾಕಿದರೆ ಗಡುಸಾಗುತ್ತದೆ ಅನ್ನುವುದು ಕಬ್ಬಿಣದ ಮಾತು. 304 ಹಾಗೆ ಗಡುಸಾಗುವುದಿಲ್ಲ. ಆದರೂ ಕೆಂಪಗಿರುವಾಗ ಸುರಿಯಬೇಡಿ, ಸೊಟ್ಟಗಾಗುತ್ತದೆ. ಬಿಸಿಗೆ ಇದು ಸಾದಾ ಕಬ್ಬಿಣಕ್ಕಿಂತ ಸುಮಾರು ಒಂದೂವರೆ ಪಟ್ಟು ಹಿಗ್ಗುತ್ತದೆ. ಅದಕ್ಕೇ ಟ್ಯಾಕ್ (ಹಿಡಿದಿಡುವ ಸಣ್ಣ ಚುಕ್ಕೆ ವೆಲ್ಡ್) ಹತ್ತಿರ ಹತ್ತಿರ ಹಾಕಿ.

ನಿಮ್ಮ ಬೀಡ್ ಕೊನೆಯಲ್ಲಿರುವುದು ಕ್ರೇಟರ್ (ವೆಲ್ಡ್ ನಿಂತಲ್ಲಿ ಉಳಿಯುವ ಗುಂಡಿ) ಬಿರುಕು. ಕರೆಂಟ್ ಥಟ್ಟನೆ ಬಿಟ್ಟಿದ್ದೀರಿ. ನಿಧಾನ ಇಳಿಸಿ, 308ಎಲ್ (304ಕ್ಕೆ ಹೊಂದುವ) ಫಿಲ್ಲರ್ ರಾಡಿನ ಒಂದು ಹನಿ ಕೊಟ್ಟು ಗುಂಡಿ ತುಂಬಿ, ಆಮೇಲೆ ಬಿಡಿ. ರಾಡ್ ಇಲ್ಲದೆ ಸುಮ್ನೆ ಕರಗಿಸಿದರೆ ಬಿರುಕಿನ ಅಪಾಯ ಜಾಸ್ತಿ.

ಬ್ರಷ್ ಸ್ಟೇನ್‌ಲೆಸ್‌ದೇ ಆಗಬೇಕು, ಕಬ್ಬಿಣ ಮುಟ್ಟಿರಬಾರದು. ಹೊರಗಿನ ಬಣ್ಣ ತೆಗೆಯಲು ಪಿಕ್ಲಿಂಗ್ ಪೇಸ್ಟ್ (ಆಸಿಡ್ ಪೇಸ್ಟ್). ಅವೆಸ್ಟಾ ಬ್ರ್ಯಾಂಡ್ ನನಗೆ ಇಷ್ಟ. ಅದರಲ್ಲಿ ಹೈಡ್ರೋಫ್ಲೋರಿಕ್ ಆಸಿಡ್ ಇದೆ, ಆಸಿಡ್ ಗ್ಲೌಸ್, ಮುಖದ ಶೀಲ್ಡ್ ಇಲ್ಲದೆ ಡಬ್ಬಿ ಮುಚ್ಚಳವನ್ನೂ ತೆರೆಯಬೇಡಿ.

ಫೋಟೋದಲ್ಲಿ ಜಾಯಿಂಟ್ ಪಕ್ಕದಲ್ಲೇ ಜಿಐ (ಸತು ಲೇಪಿಸಿದ ಕಬ್ಬಿಣ) ಕ್ಲಾಂಪ್ ಕಾಣುತ್ತಿದೆ. ತೆಗೆದುಬಿಡಿ. ಸತು ಕರಗಿ ಬಿಸಿ ಸ್ಟೇನ್‌ಲೆಸ್ ಮೇಲೆ ಬಿದ್ದರೆ ಗ್ರೇನ್ ಸಂದಿಗೆ ಇಳಿದು ಸೀಳಿಬಿಡುತ್ತದೆ. ವೆಲ್ಡ್‌ಗೆ ಮುಂಚೆ ಒರೆಸುವುದಕ್ಕೆ ಅಸಿಟೋನ್ ಸಾಕು, ಪೂರ್ತಿ ಆರಿದ ಮೇಲೆ ಆರ್ಕ್ ಹೊಡೆಯಿರಿ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಮಾತ್ರ ಹತ್ತಿರವೂ ತರಬೇಡಿ, ಆರ್ಕ್ ತಾಗಿದರೆ ಫಾಸ್ಜೀನ್ ವಿಷಗಾಳಿ ಬರುತ್ತದೆ.