ಗಾಜಿನ ಕಪ್ಪೆಯ ರಕ್ತ ಹಗಲಲ್ಲಿ ಎಲ್ಲಿರುತ್ತದೆ?

ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಗಾಜಿನ ಕಪ್ಪೆಯ ಚಿತ್ರವನ್ನು ನೋಡಿ ಸಾಗರದ ಓದುಗರೊಬ್ಬರು ಎರಡು ಪ್ರಶ್ನೆಗಳನ್ನು ಬರೆದು ಕಳುಹಿಸಿದ್ದಾರೆ. ಕೆಂಪು ರಕ್ತ ಹರಿಯುವ ಪ್ರಾಣಿಯ ಮೈ ಗಾಜಿನಂತೆ ಕಾಣುವುದಾದರೂ ಹೇಗೆ, ಚಿತ್ರವನ್ನು ಕಂಪ್ಯೂಟರಿನಲ್ಲಿ ತಿದ್ದಲಾಗಿದೆಯೇ ಎಂಬುದು ಮೊದಲನೆಯದು. ಮಂಜು ಕವಿಯುವ ನಮ್ಮ ಮಲೆನಾಡಿಗೂ ಇದನ್ನು ತಂದು ಸಾಕಬಹುದೇ ಎಂಬುದು ಎರಡನೆಯದು.

ಚಿತ್ರವನ್ನು ತಿದ್ದಿಲ್ಲ. ಆದರೆ ಓದುಗರ ಸಂಶಯದಲ್ಲಿ ಹುರುಳಿದೆ. ನೀರಿನಲ್ಲಿ ಬಾಳುವ ಪಾರದರ್ಶಕ ಜೀವಿಗಳು ಹಲವಿದ್ದರೂ ನೆಲದ ಮೇಲೆ ಬಾಳುವ ಬೆನ್ನೆಲುಬಿನ ಪ್ರಾಣಿಗಳಲ್ಲಿ ಈ ಗುಣ ತೀರ ವಿರಳ, ಅದಕ್ಕೆ ದೊಡ್ಡ ಅಡ್ಡಿಯೇ ಬೆಳಕನ್ನು ಹೀರುವ ಕೆಂಪು ರಕ್ತಕಣಗಳು. ನಾವು ಪ್ರಕಟಿಸಿದ್ದು ಮಧ್ಯ ಅಮೆರಿಕದ ಕೋಸ್ಟರಿಕಾ ದೇಶದ ಮಾಂಟೆವರ್ಡೆಯಂಥ, ಮೋಡ ಕವಿದ ಬೆಟ್ಟಗಾಡುಗಳಲ್ಲೂ ಕಾಣಸಿಗುವ ಫ್ಲೈಶ್‌ಮನ್ ಗಾಜಿನ ಕಪ್ಪೆಯ ಚಿತ್ರ. ಹೆಬ್ಬೆರಳಿನ ತುದಿಯ ಮೇಲೆ ಕೂರಬಲ್ಲ ಈ ಪುಟ್ಟ ಪ್ರಾಣಿಯ ಬೆನ್ನು ಎಳೆಹಸಿರು, ಹೊಟ್ಟೆಯ ಚರ್ಮ ಮಾತ್ರ ತಿಳಿನೀರಿನಂತೆ ಪಾರದರ್ಶಕ. ಹಗಲೆಲ್ಲ ಅದು ಎಲೆಯ ಅಡಿಭಾಗಕ್ಕೆ ಅಂಟಿಕೊಂಡು ನಿದ್ರಿಸುತ್ತದೆ. ಹಾಗೆ ನಿದ್ರಿಸುವಾಗ ಅದು ತನ್ನ ಕೆಂಪು ರಕ್ತಕಣಗಳಲ್ಲಿ ಸುಮಾರು ಶೇ. 89ರಷ್ಟನ್ನು ರಕ್ತನಾಳಗಳಿಂದ ಹಿಂತೆಗೆದು ಯಕೃತ್ತಿನಲ್ಲಿ ಒತ್ತೊತ್ತಾಗಿ ತುಂಬಿಟ್ಟುಕೊಳ್ಳುತ್ತದೆ ಎಂಬುದನ್ನು ಜೀವವಿಜ್ಞಾನಿಗಳಾದ ಜೆಸ್ಸಿ ಡೀಲಿಯಾ, ಕಾರ್ಲೋಸ್ ಟಬೋಡಾ ಮತ್ತು ಸಂಗಡಿಗರು 2022ರಲ್ಲಿ ತೋರಿಸಿಕೊಟ್ಟರು. ಇದರಿಂದ ಮೈಯ ಪಾರದರ್ಶಕತೆ ಎರಡರಿಂದ ಮೂರು ಪಟ್ಟು ಹೆಚ್ಚುತ್ತದೆ. ಯಕೃತ್ತಿನ ಮೇಲೆ ಬೆಳಕನ್ನು ಹಿಂದಿರುಗಿಸುವ ಬಿಳಿ ಹರಳುಗಳ ಹೊದಿಕೆಯಿರುವುದರಿಂದ ಒಳಗಿನ ಕೆಂಪು ಹೊರಗೆ ಕಾಣುವುದಿಲ್ಲ. ಅರಿವಳಿಕೆ ಕೊಟ್ಟರೆ ರಕ್ತ ಮತ್ತೆ ನಾಳಗಳಿಗೆ ಹರಿದುಬಿಡುವ ಕಾರಣ, ಸಂಶೋಧಕರು ಸಹಜವಾಗಿ ಮಲಗಿದ ಕಪ್ಪೆಗಳನ್ನೇ ಕಾದು, ರಕ್ತಕಣಗಳು ಲೇಸರ್ ಬೆಳಕನ್ನು ಹೀರಿ ಹೊರಡಿಸುವ ಶಬ್ದದ ಅಲೆಗಳ ಮೂಲಕ ಅವು ಇರುವ ಜಾಗವನ್ನು ಗುರುತಿಸಬೇಕಾಯಿತು. ನನ್ನನ್ನು ಅತ್ಯಂತ ಬೆರಗುಗೊಳಿಸುವ ಸಂಗತಿ ಬೇರೆಯೇ ಇದೆ: ಇಷ್ಟೊಂದು ರಕ್ತಕಣಗಳು ಒಂದೇ ಕಡೆ ಒತ್ತಿ ಕುಳಿತರೂ ಹೆಪ್ಪುಗಟ್ಟುವುದಿಲ್ಲ, ಕಪ್ಪೆ ಎಚ್ಚೆತ್ತೊಡನೆ ಮತ್ತೆ ಮೈಯೆಲ್ಲ ಹರಿಯತೊಡಗುತ್ತವೆ.

ಇನ್ನು ಸಾಕುವ ಮಾತು. ದಯವಿಟ್ಟು ಆ ಯೋಚನೆಯನ್ನು ಬಿಟ್ಟುಬಿಡಿ. ಸಾಕುಪ್ರಾಣಿಗಳ ವ್ಯಾಪಾರಕ್ಕಾಗಿ ಗಾಜಿನ ಕಪ್ಪೆಗಳನ್ನು ಹಿಡಿದು ಮಾರುವುದು ಹೆಚ್ಚಿದ್ದರಿಂದಲೇ 2022ರ ನವೆಂಬರಿನಲ್ಲಿ ಪನಾಮಾದಲ್ಲಿ ಸೇರಿದ, ಅಳಿವಿನ ಭೀತಿಯಲ್ಲಿರುವ ಜೀವಿಗಳ ವ್ಯಾಪಾರದ ಮೇಲಿನ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್‌ನ ಸಮ್ಮೇಳನವು ಈ ಇಡೀ ಕುಟುಂಬದ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಣಕ್ಕೆ ಒಳಪಡಿಸಿತು. ಅಲ್ಲದೆ, ಮಂಜೊಂದೇ ಇದ್ದರೆ ಈ ಕಪ್ಪೆಗೆ ಸಾಲದು. ಹರಿಯುವ ತೊರೆಯ ಮೇಲೆ ಬಾಗಿದ ಎಲೆಯ ಅಡಿಯಲ್ಲೇ ಮೊಟ್ಟೆಗಳಿರಬೇಕು, ಗಂಡು ಕಪ್ಪೆ ಅವುಗಳ ಮೇಲೆ ಕುಳಿತು ತೇವ ಉಣಿಸುತ್ತಿರಬೇಕು, ಒಡೆದ ಮೊಟ್ಟೆಯಿಂದ ಗೊದಮೊಟ್ಟೆ ನೇರವಾಗಿ ನೀರಿಗೇ ಬೀಳಬೇಕು. ತಂದೆ ಇಲ್ಲದೆ ಮೊಟ್ಟೆಗಳು ಒಣಗತೊಡಗಿದರೆ ಮರಿಗಳು ಅವಧಿಗೆ ಮೊದಲೇ ಹೊರಬರುತ್ತವೆ.

ಇಂಥ ತಂದೆಯನ್ನು ನೋಡುವ ಆಸೆ ಓದುಗರಿಗಿದ್ದರೆ ಅವರು ಕೋಸ್ಟರಿಕಾದವರೆಗೆ ಹೋಗಬೇಕಿಲ್ಲ. ಕಪ್ಪೆಗಳ ಸಂಶೋಧಕ ಕೆ. ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಹೆಸರಿಟ್ಟ ಕುಂಬಾರ ಕಪ್ಪೆ ಅವರ ನೆರೆಯ ಉತ್ತರ ಕನ್ನಡದ ಕಾಡುತೊರೆಗಳಲ್ಲೇ ಇದೆ. ನೀರಿನ ಮೇಲಿನ ಕಡ್ಡಿಗೆ ಅಂಟಿಸಿದ ಮೊಟ್ಟೆಗಳಿಗೆ ಗಂಡು ಕಪ್ಪೆ ಹಿಂಗಾಲುಗಳ ಮೇಲೆ ನಿಂತು, ಮುಂಗೈಗಳಲ್ಲಿ ಕೆಸರೆತ್ತಿ ಮೆತ್ತುತ್ತದೆ. ಮಳೆಗಾಲದ ರಾತ್ರಿ, ತೊರೆಯೊಳಗೆ ಕಾಲಿಡದೆ, ದಡದಿಂದಲೇ ಮಂದ ಬೆಳಕಿನಲ್ಲಿ ನೋಡಿ.

— ಸಂಪಾದಕ