ಒರಗಿ ಕೂರಲು ಹೆದರುತ್ತಿದ್ದ ಟೈಲರ್

ನಾನು ಆಪ್ತಸಲಹೆಗಾರ್ತಿ. ಮನೆಯಲ್ಲೇ ಬಟ್ಟೆ ಹೊಲಿಯುವ ಹೆಂಗಸರು ನನ್ನ ಹತ್ತಿರ ಬರುವುದು ಜಾಸ್ತಿಯಾಗಿದೆ. ಮೊದಲು ಬೆನ್ನು ನೋವು ಅಂತ ಡಾಕ್ಟರ ಹತ್ತಿರ ಹೋಗಿರುತ್ತಾರೆ, ಮಾತ್ರೆ ನುಂಗಿರುತ್ತಾರೆ, ಆಮೇಲೆ ನಿದ್ದೆ ಬರಲ್ಲ, ಸುಮ್ಸುಮ್ನೆ ಅಳು ಬರುತ್ತೆ, ಮಕ್ಕಳ ಮೇಲೆ ರೇಗುತ್ತೀನಿ ಅಂತ ಶುರುವಾದಾಗ ಯಾರೋ ಇಲ್ಲಿಗೆ ಕಳಿಸುತ್ತಾರೆ. ಎರಡು ವರ್ಷದಲ್ಲಿ ಹೀಗೆ ಬಂದ ಆರನೆಯವರು ಇವರು. ಶಾರದಾ ಅಂತ ಕರೆಯೋಣ. ಹೆಸರು ಮತ್ತು ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.

ವಯಸ್ಸು ನಲವತ್ತರ ಹತ್ತಿರ. ಮದುವೆಗೆ ಮುಂಚೆ ಪೀಣ್ಯದಲ್ಲಿ ಗಾರ್ಮೆಂಟ್ಸ್ ಕೆಲಸ. ಈಗ ಅಡುಗೆಮನೆ ಪಕ್ಕದ ಸಣ್ಣ ರೂಮಿನಲ್ಲಿ ಮಿಷನ್ ಹಾಕಿಕೊಂಡಿದ್ದಾರೆ. ಬ್ಲೌಸ್, ಫಾಲ್ಸ್, ಪಿಕೋ, ಆಲ್ಟ್ರೇಷನ್. ಶ್ರಾವಣ ಬಂತು ಅಂದರೆ ದೀಪಾವಳಿ ತನಕ ರಾತ್ರಿ ಹನ್ನೊಂದಾದರೂ ಏಳುವ ಹಾಗಿಲ್ಲ. ಗಂಡ ಒಳ್ಳೆಯವರು, ಅತ್ತೆಯೂ ಕೆಟ್ಟವರಲ್ಲ. ಇದನ್ನು ಹೇಳಲೇಬೇಕು, ಯಾಕೆಂದರೆ ಇಂಥ ಕತೆ ಕೇಳಿದ ಕೂಡಲೇ ಮನೆಯಲ್ಲಿ ಯಾರು ಕಾಟ ಕೊಡುತ್ತಿದ್ದಾರೆ ಅಂತ ಹುಡುಕುತ್ತೇವೆ. ಇಲ್ಲಿ ಹಾಗೆ ಯಾರೂ ಇರಲಿಲ್ಲ.

ಮೊದಲ ಎರಡು ಭೇಟಿ ನಿದ್ದೆ, ಸಿಟ್ಟು, ಮಗನ ಓದಿನ ಚಿಂತೆ ಇದರಲ್ಲೇ ಹೋಯಿತು. ಮೂರನೇ ಸಲ ನಾನು ಅವರು ಕೂತಿದ್ದನ್ನು ನೋಡಿದೆ. ನನ್ನ ರೂಮಿನ ಕುರ್ಚಿಗೆ ಒಳ್ಳೆ ಬೆನ್ನಿದೆ. ಇವರು ಅದರ ತುದಿಯಲ್ಲಿ, ಈಗಲೋ ಆಗಲೋ ಎದ್ದು ಓಡುವವರ ಹಾಗೆ ಕೂತಿದ್ದರು. "ಒರಗಿಕೊಳ್ಳಿ" ಅಂದೆ. "ಅಭ್ಯಾಸ ಇಲ್ಲ ಮೇಡಂ" ಅಂದರು.

ಹಾಗಾದರೆ ನಿಮ್ಮ ಮನೆಯಲ್ಲಿ ಯಾರು ಎಲ್ಲಿ ಕೂರುತ್ತಾರೆ ಹೇಳಿ ಅಂತ ಕೇಳಿದೆ. ನಗುತ್ತಾ ಶುರು ಮಾಡಿದರು. ಟಿವಿ ಮುಂದೆ ಗಂಡನ ಕುರ್ಚಿ, ಅದರಲ್ಲಿ ಬೇರೆ ಯಾರೂ ಕೂರಲ್ಲ. ಅತ್ತೆಗೆ ಕಿಟಕಿ ಪಕ್ಕ ಮಂಚ. ಮಗನಿಗೆ ಪಿಯುಸಿ ಅಂತ ತಿರುಗೋ ಕುರ್ಚಿ, ನಾಲ್ಕೂವರೆ ಸಾವಿರ, ಹೊಲಿಗೆ ದುಡ್ಡಿನಲ್ಲೇ ತೆಗೆದುಕೊಟ್ಟದ್ದು.

"ನಿಮ್ಮದು?"

"ಮಿಷನ್ ಜೊತೆ ಬಂದ ಸ್ಟೂಲ್ ಇದೆಯಲ್ಲ ಮೇಡಂ."

ಹದಿನಾಲ್ಕು ವರ್ಷದ ಮರದ ಸ್ಟೂಲ್. ಬೆನ್ನಿಲ್ಲ. ಒಂದು ಕಾಲಿನ ಕೆಳಗೆ ರಟ್ಟು ಮಡಚಿ ಇಟ್ಟಿದ್ದಾರೆ. ದಿನಕ್ಕೆ ಎಂಟೊಂಬತ್ತು ಗಂಟೆ ಅದರ ಮೇಲೆ. ಕುರ್ಚಿ ತಗೊಳ್ಳಬೇಕು ಅಂತ ಯಾವತ್ತೂ ಅನ್ನಿಸಲಿಲ್ಲವಾ ಅಂತ ಕೇಳಿದಾಗ ಅವರು ಸ್ವಲ್ಪ ಹೊತ್ತು ಸೆರಗಿನ ಅಂಚು ಮಡಚುತ್ತಾ ಇದ್ದರು. ಆಮೇಲೆ ಹೇಳಿದರು: "ಒರಗಿ ಕೂತ್ರೆ ಕೆಲ್ಸ ಮಾಡ್ತಿದೀನಿ ಅಂತ ಯಾರಿಗೂ ಅನ್ಸಲ್ಲ ಮೇಡಂ. ಮನೇಲೇ ಇರ್ತಾಳೆ, ಕೂತಿರ್ತಾಳೆ ಅಂತಾರೆ."

ಹೇಳಿ ಮುಗಿಸುವಷ್ಟರಲ್ಲಿ ಅಳು ಬಂತು. ಯಾರಾದರೂ ಹಾಗೆ ಅಂದಿದ್ದಾರಾ ಅಂತ ಕೇಳಿದೆ. ತುಂಬಾ ಯೋಚಿಸಿದರು. ಯಾರೂ ಬಾಯಿಬಿಟ್ಟು ಅಂದಿರಲಿಲ್ಲ. ಆದರೆ ಅಂದುಬಿಟ್ಟಾರು ಅನ್ನುವ ಹೆದರಿಕೆಯಲ್ಲೇ ಹದಿನಾಲ್ಕು ವರ್ಷ ಬೆನ್ನು ಬಗ್ಗಿಸಿ ಕೂತಿದ್ದರು. ನೋವು ಕಾಣಿಸಿದರೆ ಮಾತ್ರ ದುಡಿಮೆ ಅಂತ ಒಪ್ಪುತ್ತಾರೆ ಅನ್ನುವುದು ಅವರ ನಂಬಿಕೆ.

ಆ ದಿನ ನಾನು ಕೊಟ್ಟ ಸಲಹೆ ಒಂದೇ. ಮುಂದಿನ ಭೇಟಿಗೆ ಮುಂಚೆ ನಿಮಗೆ ಅಂತ ಒಂದು ಕುರ್ಚಿ ತನ್ನಿ.

ಇದೇನು ಆಪ್ತಸಲಹೆನಾ ಅಂತ ನನ್ನ ಜೊತೆ ಕೆಲಸ ಮಾಡುವವರೇ ಕೇಳಿದರು. ಗಂಡನ ಜೊತೆ ಮಾತಾಡಿಸಬೇಕಿತ್ತು, ಮನಸ್ಸಿನ ಭಾರ ಬಿಚ್ಚಿಸಬೇಕಿತ್ತು, ಕುರ್ಚಿ ಅಂಗಡಿಯವರು ಹೇಳುವ ಮಾತು ಅಂದರು. ನಾನು ಒಪ್ಪುವುದಿಲ್ಲ. ಬೆಳಿಗ್ಗೆಯಿಂದ ರಾತ್ರಿ ತನಕ ಸೊಂಟ ಸಿಡಿಯುತ್ತಿರುವವರಿಗೆ ವಾರಕ್ಕೊಂದು ಗಂಟೆ ಮಾತಿನ ಸಮಾಧಾನ ಎಷ್ಟು ದಿನ ನಿಲ್ಲುತ್ತದೆ? ಕೂರುವುದು ಅಷ್ಟು ಸಣ್ಣ ವಿಷಯವಾಗಿದ್ದರೆ ಕೇರಳ 2018ರಲ್ಲಿ ಅದಕ್ಕಾಗಿ ಕಾನೂನು ತಿದ್ದಬೇಕಾಗಿರಲಿಲ್ಲ. ಗಿರಾಕಿ ಇಲ್ಲದಾಗಲೂ ನಿಂತೇ ಇರಬೇಕಿದ್ದ ಬಟ್ಟೆ ಅಂಗಡಿಯ ಹೆಂಗಸರು ಹೋರಾಡಿ ಕೂರುವ ಹಕ್ಕು ಪಡೆದರು. 2021ರಲ್ಲಿ ತಮಿಳುನಾಡೂ ಅಂಥದ್ದೇ ಕಾನೂನು ತಂದಿತು. ಅಂಗಡಿಯಲ್ಲಾದರೆ ಮಾಲೀಕರನ್ನು ಕೇಳಬಹುದು. ಮನೆಯಲ್ಲಿ ಹೊಲಿಯುವವರು ತಮ್ಮನ್ನು ತಾವೇ ಕೇಳಿಕೊಳ್ಳಬೇಕು, ಅದೇ ಕಷ್ಟ.

ದುಡ್ಡಿನ ಮಾತು ಬಂತು. ಒಂದು ಬ್ಲೌಸಿಗೆ ಅವರು 250 ರೂಪಾಯಿ ತೆಗೆದುಕೊಳ್ಳುತ್ತಾರೆ. ಎಂಟು ಬ್ಲೌಸಿನ ಕೂಲಿ ಎತ್ತಿಡಿ ಅಂದೆ. ದಾರ, ಲೈನಿಂಗ್, ಹುಕ್ಕಿನ ಖರ್ಚು ಬರೆಯುವ ಪುಸ್ತಕದಲ್ಲೇ ಕುರ್ಚಿ ಅಂತಲೂ ಬರೆಯಿರಿ ಅಂದೆ. ಅದೂ ಕಸುಬಿನ ಖರ್ಚೇ.

ಎಂಥ ಕುರ್ಚಿ ಅಂತ ಕೇಳುವವರಿಗೆ ಇಲ್ಲೇ ಹೇಳಿಬಿಡುತ್ತೇನೆ. ಹಳೇ ಆಫೀಸ್ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುವುದು ಸಾಕು, ಆದರೆ ಎತ್ತರ ಏರಿಸಿ ಇಳಿಸುವ ಹಾಗಿರಬೇಕು. ಭುಜ ಸಡಿಲ ಬಿಟ್ಟು ಮೊಣಕೈ ಮಡಚಿದರೆ ಅದು ಮಿಷನ್ನಿನ ಹಾಸಿನ ಮಟ್ಟಕ್ಕೆ ಅಥವಾ ಒಂಚೂರು ಮೇಲೆ ಬರಬೇಕು. ತಗ್ಗಾಗಿ ಕೂತರೆ ಭುಜ ಎತ್ತಿ ಹೊಲಿಯುತ್ತೀರಿ, ಕುತ್ತಿಗೆ ಹಿಡಿಯುತ್ತದೆ. ಎತ್ತರಿಸಿದಾಗ ಕಾಲು ನೆಲಕ್ಕೆ ಎಟುಕದಿದ್ದರೆ ಹಲಗೆ ಇಟ್ಟು ಮೋಟರ್ ಪೆಡಲ್ಲನ್ನೂ ಅದರ ಮೇಲೇ ಇಡಿ. ಕೈ ಇರುವ ಕುರ್ಚಿ ಬೇಡ, ಟೇಬಲ್ಲಿಗೆ ತಾಗುತ್ತದೆ, ಬಟ್ಟೆ ಸಿಕ್ಕಿಕೊಳ್ಳುತ್ತದೆ. ಚಕ್ರವೂ ಬೇಡ, ಅದರಲ್ಲೂ ಕಾಲಿನಿಂದ ತುಳಿಯುವ ಮಿಷನ್ ಇದ್ದರೆ ತುಳಿದಾಗಲೆಲ್ಲ ಹಿಂದಕ್ಕೆ ಜಾರುತ್ತದೆ. ಕುರ್ಚಿ ಬೆನ್ನಿನ ಉಬ್ಬು ಸರಿಯಾಗಿ ಸೊಂಟದ ಗುಳಿಗೆ ಕೂರಬೇಕು. ಸೀಟಿನ ಅಂಚಿಗೂ ಮಂಡಿಯ ಹಿಂಭಾಗಕ್ಕೂ ನಡುವೆ ಎರಡು ಮೂರು ಬೆರಳು ಹೋಗುವಷ್ಟು ಜಾಗ ಇರಲಿ. ಹೂತುಹೋಗುವ ಮೆತ್ತನೆ ಸೀಟು ಅಂಗಡಿಯಲ್ಲಿ ಹಿತ ಅನ್ನಿಸುತ್ತದೆ, ಮನೆಯಲ್ಲಿ ಎರಡು ಗಂಟೆ ಕೂತರೆ ಗೊತ್ತಾಗುತ್ತದೆ. ಇನ್ನು ಎಷ್ಟೇ ಒಳ್ಳೆ ಕುರ್ಚಿಯಾದರೂ ಬಾಬಿನ್, ಅಂದರೆ ಮಿಷನ್ನಿನ ಕೆಳದಾರದ ಉರುಳೆ, ಖಾಲಿಯಾದಾಗಲೆಲ್ಲ ಎದ್ದು ನಿಲ್ಲಿ.

ಕಾಲಿಗೆ ನೋವು ಇಳಿಯುವುದು, ಜೋಮು ಹಿಡಿಯುವುದು ಇದ್ದರೆ ಮೊದಲು ಡಾಕ್ಟರಿಗೆ ತೋರಿಸಿ. ಅಳು, ನಿದ್ದೆಗೇಡು ಎರಡು ವಾರ ದಾಟಿದರೂ ಬಿಡದಿದ್ದರೆ ಕಾಯಬೇಡಿ, 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಶಾರದಾ ಒಂದು ತಿಂಗಳು ಬರಲಿಲ್ಲ. ನಾನು ಅವಸರ ಮಾಡಿಬಿಟ್ಟೆನಾ ಅಂತ ಚಿಂತೆಯಾಯಿತು. ಆಮೇಲೆ ಬಂದರು. 1,800ಕ್ಕೆ ಕುರ್ಚಿ ಸಿಕ್ಕಿತ್ತು. ಚಕ್ರ ತೆಗೆಸಿ ಬುಶ್ ಹಾಕಿಸಿದ್ದರು. ತಂದ ಮೊದಲ ವಾರ ಅದರ ಮೇಲೆ ಗಿರಾಕಿಗಳ ಬಟ್ಟೆ ಗಂಟು ಇಟ್ಟು ತಾವು ಸ್ಟೂಲ್ ಮೇಲೇ ಕೂತಿದ್ದರಂತೆ. ಗಂಟು ಕೆಳಗಿಳಿಸಿದ್ದು ಅತ್ತೆ. "ತಂದಿದ್ದು ಯಾಕೆ ಮತ್ತೆ, ಕೂತ್ಕೋ" ಅಂದರಂತೆ.

ನೋವು ಪೂರ್ತಿ ಹೋಗಿಲ್ಲ. ಮನೆಯಲ್ಲಿ ಎಲ್ಲರೂ ಇರುವಾಗ ಈಗಲೂ ಮುಂದಕ್ಕೆ ಸರಿದೇ ಕೂರುತ್ತಾರೆ. ಮಧ್ಯಾಹ್ನ, ಯಾರೂ ಇಲ್ಲದಾಗ, ಬಾಬಿನ್ ಸುತ್ತುವಷ್ಟು ಹೊತ್ತು ಒರಗುತ್ತಾರೆ.